ಬರೆಸಿಕೊಂಡ ಮಾತು

ಕರಿಯ ವಕೀಲ ಹೋರೇಸ್ ಮ್ಯಾಬ್ರಿ ಬಾಯಿ ತೆರೆದಾಗಲೆಲ್ಲ ಕೋರ್ಟಿನ ಗುಮಾಸ್ತನ ಬೆರಳುಗಳು ಟೈಪಿನ ಯಂತ್ರದಿಂದ ಮೇಲೇಳುತ್ತಿದ್ದವು. ಸರ್ಕಾರಿ ವಕೀಲ ಟ್ರಿಪ್ಲೆಟ್ ಕೆಮ್ಮಿದರೂ ಟಕಟಕ ಬರೆದುಕೊಳ್ಳುತ್ತಿದ್ದ ಆಸಾಮಿ, ಹೋರೇಸ್ ಎದ್ದನೆಂದರೆ ಕೈಕಟ್ಟಿ ಸೂರು ನೋಡುತ್ತ ಕೂರುತ್ತಿದ್ದ. ಅಮೆರಿಕದ ಜಾರ್ಜಿಯಾದ ಆ ಊರಿನಲ್ಲಿ ನ್ಯಾಯವೆಂದರೆ ಇಷ್ಟೇ.

ಹೋರೇಸ್ ಅದನ್ನು ಗಮನಿಸಿದ್ದು ಮಧ್ಯಾಹ್ನದ ಮೇಲೆ. ಹತ್ತಿ ಹೊಲದ ಮೇಸ್ತ್ರಿಯನ್ನು ಕೊಂದ ಆರೋಪ ಹೊತ್ತು ಪಕ್ಕದಲ್ಲಿ ಕೂತಿದ್ದ ಕ್ಲೀವನ್‌ಗೆ ಇನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ಅವನ ತಪ್ಪೊಪ್ಪಿಗೆಯನ್ನು ಬರೆಸಿದ್ದು ಪೊಲೀಸರ ಮುಖ್ಯಸ್ಥ ಶೆರಿಫನ ಬೆಲ್ಟು. ತೀರ್ಪು ಕೊಡಲು ಕೂತ ಜ್ಯೂರಿಯವರೆಲ್ಲ ಬಿಳಿಯರು. ಈ ಜಿಲ್ಲೆಯಲ್ಲಿ ಕರಿಯರನ್ನು ಜ್ಯೂರಿಗೆ ಕರೆದದ್ದೇ ಇಲ್ಲವೆಂದು ಹೋರೇಸ್ ಬೆಳಗ್ಗೆ ಗಂಟಲು ಹರಿಯುವಂತೆ ವಾದಿಸಿದ್ದ. ಅದು ದಾಖಲಾಗಿದ್ದರೆ ಮೇಲಿನ ಕೋರ್ಟು ಇಡೀ ವಿಚಾರಣೆಯನ್ನೇ ರದ್ದು ಮಾಡಬಹುದಿತ್ತು. ಆದರೆ ಮೇಲಿನವರು ಓದುವುದು ಗುಮಾಸ್ತ ಬರೆದದ್ದನ್ನು ಮಾತ್ರ. ಅವನು ಬರೆದಿದ್ದರೆ ತಾನೆ!

"ಮಹಾಸ್ವಾಮಿ, ನಾನು ಹೇಳಿದ್ದು ದಾಖಲಾಗ್ತಿಲ್ಲ."

"ಎಲ್ಲಾ ಆಗ್ತಿದೆ, ಕೂತ್ಕೊಳೋ ಹೋರೇಸ್," ಎಂದ ನ್ಯಾಯಾಧೀಶ. ಗುಮಾಸ್ತ ಮುಸಿಮುಸಿ ನಕ್ಕ.

ಉಳಿದದ್ದು ಒಂದೇ ದಾರಿ. ಆ ಮಾತು ಟ್ರಿಪ್ಲೆಟ್‌ನ ಬಾಯಿಂದಲೇ ಬರಬೇಕು. ಅವನಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಆದರೆ ಅವನನ್ನು ಕೆಣಕಿದರೆ ಜ್ಯೂರಿಯೂ ಕೆರಳುತ್ತದೆ. ಜ್ಯೂರಿಯಲ್ಲಿದ್ದ ಒಬ್ಬ ಮುದಿ ರೈತ ಹುಡುಗನ ಊದಿದ ಮುಖ ನೋಡಿ ಕಣ್ಣು ತಗ್ಗಿಸಿದ್ದ. ತಗ್ಗಿಬಗ್ಗಿ ಬೇಡಿಕೊಂಡರೆ ದಯೆ ತೋರಿಯಾರು, ಮರಣದಂಡನೆ ತಪ್ಪಿ ಜೀವಾವಧಿಯಾದೀತು. ಹೋರೇಸ್ ಇಂಥ 'ಆದೀತು'ಗಳನ್ನು ನಂಬುವ ವಯಸ್ಸು ದಾಟಿದ್ದ.

ಕೊನೆಯ ವಾದಕ್ಕೆ ಎದ್ದವನು ನೇರ ಟ್ರಿಪ್ಲೆಟ್‌ನ ಬಳಿ ಹೋಗಿ ಹಳೇ ಗೆಳೆಯನೆಂಬಂತೆ ಹೆಗಲ ಮೇಲೆ ಕೈಯಿಟ್ಟ.

"ನಮ್ಮ ಟ್ರಿಪ್ಲೆಟ್ ಒಳ್ಳೇವ್ನು. ಮುಂದಿನ ಸಲ ಜ್ಯೂರಿ ಕುರ್ಚೀಲಿ ನಮ್ಮೋರ್ನ ಅವನೇ ಕೈ ಹಿಡಿದು ಕೂರಿಸ್ತಾನೆ. ಏನಯ್ಯಾ, ಕೂರಿಸ್ತೀಯ ತಾನೆ?"

"ತೆಗಿಯೋ ಕೈನ!" ಟ್ರಿಪ್ಲೆಟ್ ಕುರ್ಚಿ ಒದ್ದು ಎದ್ದ. "ಈ ಜಿಲ್ಲೇಲಿ ಒಬ್ಬ ಕರಿಯನೂ ಜ್ಯೂರೀಲಿ ಕೂತಿಲ್ಲ, ನಾನಿರೋವರ್ಗೂ ಕೂರೋದೂ ಇಲ್ಲ! ಪಟ್ಟೀಲಿ ನಿಮ್ಮೋರ ಹೆಸರು ಬಂದ್ರೆ ನಾನೇ ಹೊಡೆದು ಹಾಕಿಸ್ತೀನಿ ಕಣೋ!"

ಟಕಟಕ ಟಕಟಕ. ಗುಮಾಸ್ತ ಒಂದಕ್ಷರವನ್ನೂ ಬಿಡಲಿಲ್ಲ. ಹೋರೇಸ್‌ಗೆ ನಾಚಿಕೆಯಾಗುವಷ್ಟು ಸಂತೋಷವಾಯಿತು.

ಜ್ಯೂರಿಯವರು ಒಳಗೆ ಹೋದದ್ದೂ ಬಂದದ್ದೂ ಒಂದೇ ಆಯಿತು. ದಯೆಯ ಮಾತಿಲ್ಲ, ವಿದ್ಯುತ್ ಕುರ್ಚಿಯಲ್ಲಿ ಮರಣದಂಡನೆ. ಮುದಿ ರೈತ ಈಗ ಹುಡುಗನ ಕಡೆ ನೋಡಲೇ ಇಲ್ಲ. ಹೋರೇಸನನ್ನೇ ದುರುಗುಟ್ಟುತ್ತಿದ್ದ.

ಕರಿಯರಿಗೆಂದು ಬಿಟ್ಟಿದ್ದ ಮೇಲಿನ ಅಟ್ಟಣಿಗೆಯಿಂದ ಕ್ಲೀವನ್‌ನ ತಾಯಿ ಲೂವೀನಿಯಾ ಗೋಡೆ ಹಿಡಿದುಕೊಂಡು ಇಳಿದು ಬಂದಳು.

"ಅವನನ್ನ ಬೇಕಂತಲೇ ಕೆಣಕ್ದೆ, ಅಲ್ವಾ?"

"ಹೌದಮ್ಮ. ಮೇಲಿನ ಕೋರ್ಟಿಗೆ ಆ ಮಾತು ಬೇಕಿತ್ತು. ಅಲ್ಲಿ ಗೆಲ್ಲಬಹುದು."

"ಸೋತ್ರೆ?"

ಹೋರೇಸ್ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದ.

"ನನ್ನ ಮಗನ ಜೀವ ಪಣಕ್ಕಿಟ್ಟೆ. ಇರ್ಲಿ, ಓದ್ದೋನು ನೀನು, ನಿಂಗೆ ಗೊತ್ತಿರತ್ತೆ. ಇಡೋಕೆ ಮುಂಚೆ ಅವನನ್ನ ಒಂದು ಮಾತು ಕೇಳಿದ್ಯೇನಪ್ಪಾ?"

ಕೇಳಿರಲಿಲ್ಲ. ಹುಡುಗ ದಿನವಿಡೀ ಪಕ್ಕದಲ್ಲೇ ಕೂತಿದ್ದ. ಬಗ್ಗಿ ಒಂದು ಮಾತು ಕೇಳಲು ಬೇಕಾದಷ್ಟು ಹೊತ್ತಿತ್ತು.