ಅಮ್ಮನ ಪುಟ

“ನಿಮ್ಮಮ್ಮನ ಆ ಪುಟ ತೆಗೆದುಹಾಕು,” ಎಂದರು ಅಪ್ಪ ದಲ್‌ಸು, ಪೆಟ್ಟಿಗೆಗೆ ಟೇಪು ಸುತ್ತುತ್ತ. “ಸತ್ತವಳನ್ನ ಅಂಗಡಿ ಬಾಗಿಲಲ್ಲಿ ಕೂರಿಸಿಕೊಂಡು ಮೀನು ಮಾರೋದು ಯಾವ ನ್ಯಾಯ?”

ಸೋರಾ ಕಂಪ್ಯೂಟರಿನಿಂದ ತಲೆ ಎತ್ತಿದಳು. ಕೊರಿಯಾದ ಟೋಂಗ್ಯಂಗ್ ಬಂದರಿನ ಹಿಂದಿನ ಓಣಿಯ ಆ ಒಣಮೀನಿನ ಅಂಗಡಿ ಅಪ್ಪ ಅಮ್ಮ ಕಟ್ಟಿದ್ದು. ವೆಬ್‌ಸೈಟು ಮಾತ್ರ ಅವಳದು. ಸಾರಿಗೆ ನೆತ್ತಲಿ ಮೀನನ್ನು ಹೇಗೆ ಹಸನು ಮಾಡಬೇಕೆಂದು ಅಮ್ಮ ತೋರಿಸುವ ವಿಡಿಯೊ ಅದರ ಆ ಪುಟದಲ್ಲಿತ್ತು. ಕಳೆದ ಚಳಿಗಾಲ ಅಮ್ಮ ತೀರಿಕೊಂಡ ಮೇಲೆ ಸೋರಾ ಅದನ್ನು ಒಮ್ಮೆಯೂ ತೆರೆದಿರಲಿಲ್ಲ.

“ಜನ ನೋಡ್ತಾರಪ್ಪ.”

“ಯಾರು ನೋಡ್ತಾರೆ? ತೆಗಿ ಅಂದ್ರೆ ತೆಗಿ.” ಅವರು ಪರದೆ ಸರಿಸಿ ಹಿಂದಿನ ಉಗ್ರಾಣಕ್ಕೆ ಹೋದರು. ಊಟವಾದ ಮೇಲೆ ಅಲ್ಲಿ ಮಲಗುವುದು ಈಚೆಗೆ ಅವರ ರೂಢಿ.

ಯಾರೂ ನೋಡುವುದಿಲ್ಲವೆಂದು ಖಚಿತವಾದರೆ ಅಳಿಸುವ ಕೈಗೆ ಧೈರ್ಯ ಬಂದೀತು ಅನ್ನಿಸಿತು ಅವಳಿಗೆ. ಸೈಟಿನ ಲೆಕ್ಕ ನೋಡಿಕೊಳ್ಳುವ ಎಐ ಸಹಾಯಕನಿಗೆ, ಈ ಪುಟಕ್ಕೆ ಬಂದವರು ಯಾರು, ಎಷ್ಟು ಹೊತ್ತು ಇದ್ದರು ಎಂದು ಬರೆದು ಕೇಳಿದಳು. ಅದು ಭೇಟಿಗಳನ್ನೆಲ್ಲ ಹೆಕ್ಕಿ ತಂದು ಮುಂದಿಟ್ಟಿತು. ಹೆಚ್ಚಿನವರು ಇಣುಕಿ ಹೋಗಿದ್ದರು. ಒಂದು ಹಳೆಯ ಟ್ಯಾಬ್ ಮಾತ್ರ ದಿನಾ ಮಧ್ಯಾಹ್ನ ಬರುತ್ತಿತ್ತು. ವಿಡಿಯೊದ ಒಂದೇ ಜಾಗವನ್ನು ಹಿಂದಕ್ಕೆಳೆದು ಹಿಂದಕ್ಕೆಳೆದು ನೋಡುತ್ತಿತ್ತು. ಅದು ಬರುತ್ತಿದ್ದುದು ಅಂಗಡಿಯದೇ ಇಂಟರ್‌ನೆಟ್ಟಿನಿಂದ.

ಅಪ್ಪ ಸಮುದ್ರದ ಹವಾಮಾನ ನೋಡುವ ಟ್ಯಾಬ್ ಅದು.

ಸೋರಾ ಆ ಜಾಗವನ್ನು ಹಾಕಿದಳು. ಅಮ್ಮ ಮೀನಿನ ತಲೆ ಮುರಿದು, ಹೊಟ್ಟೆಯ ಕಪ್ಪನ್ನು ಉಗುರಿನಿಂದ ಕೀಳುತ್ತ ಒಳಬಾಗಿಲಿನತ್ತ ತಿರುಗುತ್ತಾಳೆ. “ಏನ್ರೀ, ಊಟಕ್ಕೆ ಬನ್ನಿ. ಸಾರು ಆರ್ತಾ ಇದೆ.” ಒಳಗಿನಿಂದ ಅಪ್ಪನ ದನಿ: “ಬರ್ತೀನಿ ಅಂದ್ನಲ್ಲ, ಸುಮ್ನೆ ಪ್ರಾಣ ತಿನ್ಬೇಡ.” ಅಮ್ಮ ಕ್ಯಾಮೆರಾ ನೋಡಿ ನಕ್ಕು ಮತ್ತೆ ಮೀನಿಗೆ ಕೈ ಹಾಕುತ್ತಾಳೆ. ಮೊದಲೆಲ್ಲ ಗಿರಾಕಿಗಳೂ ಇದನ್ನು ನೋಡಿ ನಗುತ್ತಿದ್ದರು.

ಅವಳು ಪರದೆ ಸರಿಸಿದಳು. ಪೆಟ್ಟಿಗೆಗಳ ನಡುವೆ ಅಪ್ಪ ಎದ್ದೇ ಕೂತಿದ್ದರು.

“ನೋಡೋರು ನೀವೇ. ತೆಗಿ ಅನ್ನೋರೂ ನೀವೇ.”

ದಲ್‌ಸು ಟ್ಯಾಬನ್ನು ಮಗ್ಗುಲಿಗೆ ಸರಿಸಿದರು. “ಆ ಯಂತ್ರ ಚಾಡಿ ಹೇಳ್ತಾ?” ಎಂದರು. “ನಲವತ್ತು ವರ್ಷ ಅವಳ ಜೊತೆ ಬಾಳಿದೆ ಕಣೆ. ಒಂದಾದ್ರೂ ಒಳ್ಳೆ ಮಾತು ಆಡಿರ್ತೀನಿ. ಉಳಿದಿರೋದು ನೋಡು, ಇದು. ಲೋಕವೆಲ್ಲ ಕೇಳ್ತಾ ಇದೆ.”

“ನಿಮ್ಮ ದನಿ ಒಂದೇ ಕತ್ತರಿಸಿ ತೆಗೀತೀನಿ. ಗೊತ್ತೇ ಆಗಲ್ಲ.”

“ಬೇಡ.” ಅವರು ತಲೆ ಅಲ್ಲಾಡಿಸಿದರು. “ಆಮೇಲೆ ಅವಳು ಕರೀತಾನೇ ಇರ್ತಾಳೆ, ಓ ಅನ್ನೋರೇ ಇರಲ್ಲ.”

ಸೋರಾ ಪರದೆ ಎಳೆದು ಕಂಪ್ಯೂಟರಿಗೆ ಮರಳಿದಳು. ಸಂಜೆ ಪುಟವನ್ನು ತೆಗೆದುಹಾಕಿದಳು. “ಆಯ್ತಪ್ಪ,” ಎಂದಾಗ ಅವರು “ಹ್ಞೂಂ” ಎಂದರಷ್ಟೆ. ರಾತ್ರಿ ಕಿಮ್ಚಿ ಉಪ್ಪಿನಕಾಯಿಯ ಬಟ್ಟಲು ಮುಟ್ಟದೆ ಬರೀ ಅನ್ನಕ್ಕೆ ನೀರು ಸುರಿದುಕೊಂಡು ಉಂಡರು.

ಮರುದಿನ ಮಧ್ಯಾಹ್ನ ತಡೆಯಲಾರದೆ ಮತ್ತೆ ಸಹಾಯಕನನ್ನು ಕೇಳಿದಳು. ಟ್ಯಾಬ್ ಬಂದಿತ್ತು. ‘ನೀವು ಹುಡುಕಿದ ಪುಟ ಇಲ್ಲಿಲ್ಲ’ ಎಂಬ ಬಿಳಿ ಹಾಳೆಯನ್ನು ತೆರೆದು, ಎಲ್ಲೂ ಒತ್ತದೆ, ಎಲ್ಲೂ ಹೋಗದೆ, ಇನ್ನೂ ಅಲ್ಲೇ ಇತ್ತು. ಉಗ್ರಾಣದ ಪರದೆಯ ಆಚೆ ಸದ್ದಿರಲಿಲ್ಲ. ಒಂದು ಉಸಿರಿನ ಸದ್ದೂ ಇಲ್ಲ. ಅವಳು ಅಂಗಿಯ ತೋಳನ್ನು ಬಾಯಿಗೆ ಒತ್ತಿಕೊಂಡು ಕೂತಳು.

ಆ ಸಂಜೆ ಅಪ್ಪ ಮೀನು ಹರಾಜಿಗೆ ಹೋದಾಗ ಟ್ಯಾಬನ್ನು ತಂದು, ತನ್ನಲ್ಲಿದ್ದ ವಿಡಿಯೊವನ್ನು, ಅಪ್ಪನ ದನಿಯ ಸಮೇತ, ಅದರೊಳಗೆ ಹಾಕಿದಳು. ಹವಾಮಾನದ ಚಿತ್ರದ ಪಕ್ಕದಲ್ಲೇ ಕಾಣುವಂತೆ ಇಟ್ಟು, ದಿಂಬಿನ ಬಳಿ ಇದ್ದ ಹಾಗೆಯೇ ಇರಿಸಿ ಬಂದಳು. ಅದರ ಮಾತು ಅವಳೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಆಮೇಲೆ ಸೈಟಿಗೆ ಆ ಟ್ಯಾಬ್ ಬರಲೇ ಇಲ್ಲ. ಅವಳು ಕೇಳಿದಾಗೆಲ್ಲ ಸಹಾಯಕ ಅಂಥ ಭೇಟಿ ಯಾವುದೂ ಇಲ್ಲವೆಂದಿತು. ಕೇಳುವುದನ್ನೇ ಬಿಟ್ಟಳು.

ಒಂದು ಮಧ್ಯಾಹ್ನ ಇಬ್ಬರು ಹೆಂಗಸರು ಒಣಗಿಸಿದ ಕಡಲಪಾಚಿಯ ಹಾಳೆಗಳನ್ನು ಆರಿಸುತ್ತ ನಿಂತಿದ್ದರು. ಆಗ ಪರದೆಯ ಹಿಂದಿನಿಂದ ತೀರಾ ಸಣ್ಣಗೆ ಅಮ್ಮನ ದನಿ ಕೇಳಿಸಿತು. ಒಬ್ಬಾಕೆ ತಲೆ ಎತ್ತಿ ಅತ್ತ ನೋಡಿದಳು. ಸೋರಾ ಕೈ ಚಾಚಿ, ಕಿಟಕಿಯ ಮೇಲಿದ್ದ ರೇಡಿಯೊದ ದನಿಯನ್ನು ದೊಡ್ಡದು ಮಾಡಿದಳು.