ಪೂಲಿನ ಕೆಳಗಿನ ಸವಾರಿ

ಸಾತಪ್ಪ ಗಿರಣಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬರುತ್ತಿದ್ದ. ರೊಟ್ಟಿ ತಿಂದು ಪಡಸಾಲೆಯಲ್ಲಿ ಬೋರಲು ಬಿದ್ದನೆಂದರೆ ಸಂಜೆ ನಾಲ್ಕರವರೆಗೆ ಅವನಿಗೆ ಲೋಕದ ಖಬರಿರುತ್ತಿರಲಿಲ್ಲ. ಅಷ್ಟು ಹೊತ್ತೂ ಅವನ ಸೈಕಲ್ಲು ಗೋಡೆಗೆ ಒರಗಿ ಸುಮ್ಮನೆ ನಿಂತಿರುತ್ತಿತ್ತು. 1956ರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವನ ಹೆಂಡತಿ ಸಾವಂತ್ರೆವ್ವ ಆ ಸೈಕಲ್ಲನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಜೋಳ ಹಸನು ಮಾಡುತ್ತಿದ್ದ ನೆಗೆಣ್ಣಿ ಪದ್ಮವ್ವನ ಕಡೆ ತಿರುಗಿದಳು.

"ಕಲಿಯೋಣೇನ?"

ಪದ್ಮವ್ವನಿಗೆ ಏನು ಎಂದು ಕೇಳಬೇಕಾಗಲಿಲ್ಲ. "ಎಲ್ಲೆ ಅಕ್ಕಾ? ಮಂದಿ ನೋಡಿದ್ರ?"

"ಹಳೇ ಕಾಲಿವ್ಯಾಗ."

ಧುಪದಾಳದ ಕಡೆಯಿಂದ ಬರುವ ಆ ಹಳೆಯ ಕಾಲುವೆ ಮನೆಯ ಹಿಂದೆಯೇ ಹಾದುಹೋಗಿತ್ತು. ಮೇಲುಗಡೆ ಹೊಸದನ್ನು ತೋಡಿದ ಮೇಲೆ ಇದಕ್ಕೆ ನೀರು ಬಿಡುವುದು ನಿಂತು ಆರೇಳು ವರ್ಷವಾಗಿತ್ತು. ತಳದ ಕೆಸರು ಒಣಗಿ, ಕುರಿ ದನಗಳು ತುಳಿದು ತುಳಿದು, ರಾಶಿ ಮಾಡುವ ಕಣದಂತೆ ಗಟ್ಟಿಯಾಗಿತ್ತು. ಎರಡೂ ಬದಿಗೆ ಆಳೆತ್ತರದ ದಂಡೆ, ಅದರ ಮೇಲೆ ಜಾಲಿಗಿಡಗಳು. ಒಳಗಿಳಿದವರನ್ನು ನೋಡಬೇಕೆಂದರೆ ಪೂಲಿನ ಮೇಲೇ ನಿಲ್ಲಬೇಕು. ಊರವರು ಹೊಲಕ್ಕೆ ಹೋಗಲೆಂದು ಎರಡು ಕಬ್ಬಿಣದ ತೊಲೆಗಳ ಮೇಲೆ ಹಲಗೆ ಬಡಿದು ಮಾಡಿದ ಕಿರುಸೇತುವೆ ಅದು. ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಅಗಲ. ನೀರಿಲ್ಲದಿದ್ದರೂ ಜನ ಅದರ ಮೇಲೆಯೇ ದಾಟುತ್ತಿದ್ದರು. ಆದರೆ ಸುಡು ಮಧ್ಯಾಹ್ನದಲ್ಲಿ ಅಲ್ಲಿಗೆ ಯಾರು ಬರುತ್ತಾರೆ?

ಮೊದಲ ವಾರ ಬೀಳುವುದೇ ಆಯಿತು. ಒಬ್ಬಳು ಬಿದ್ದರೆ ಹಿಡಿಯಬೇಕಾದವಳು ನಗುತ್ತ ನೆಲಕ್ಕೆ ಕೂತುಬಿಡುತ್ತಿದ್ದಳು. ನಗು ದಂಡೆಯಾಚೆ ಕೇಳಬಾರದೆಂದು ಇಬ್ಬರೂ ಬಾಯಿಗೆ ಸೆರಗು ತುರುಕಿಕೊಳ್ಳುತ್ತಿದ್ದರು. ಎರಡನೆಯ ವಾರ ಚೌಕಟ್ಟಿನೊಳಗೆ ಕಾಲು ತೂರಿಸಿ ತುಳಿಯುವ ಒಳಪೆಡಲು ಬಂತು. ಮೂರನೆಯ ವಾರ ಪದ್ಮವ್ವ ಸೀರೆಗೆ ಕಚ್ಚೆ ಹಾಕಿ ಸೀಟು ಹತ್ತಿದಳು. ಹತ್ತಿದ ಮೇಲೆ ಇಳಿಯುವ ಮನಸ್ಸೇ ಆಗಲಿಲ್ಲ. ಕಿವಿಯ ಪಕ್ಕ ಗಾಳಿ ಸೀಳಿಕೊಂಡು ಹೋಗುವಾಗ ಅವಳು ದಂಡೆಯಾಚೆ ಕೇಳೀತೆಂಬುದನ್ನೂ ಮರೆತು, ಕಾರಣವಿಲ್ಲದೆ ಎಣ್ಣೆಗಾಣದವರ ಹೆಸರು, ದನಗಳ ಹೆಸರು, ಬಾಯಿಗೆ ಬಂದ ಹೆಸರನ್ನೆಲ್ಲ ಕೂಗುತ್ತಿದ್ದಳು.

ಮನೆಯಲ್ಲಿ ಅತ್ತೆ ಕಾಶೆವ್ವ ಇದ್ದಳು. ಮಾತು ಕಡಿಮೆ, ನೋಟ ಹೆಚ್ಚು. ಎರಡೂ ಮೊಣಕಾಲು ಹಿಡಿದುಕೊಂಡು, ಕೋಲಿಲ್ಲದೆ ಅಂಗಳ ದಾಟುವುದೂ ಕಷ್ಟವಾಗಿತ್ತು. ಸೊಸೆಯಂದಿರ ಮೊಣಕೈ ತರಚಿದ್ದನ್ನು ಅವಳು ನೋಡಿದಳು. ರೊಟ್ಟಿ ಬಡಿಯುತ್ತ ಬಡಿಯುತ್ತ ಇಬ್ಬರೂ ನಗು ಮುಚ್ಚಲು ಒಮ್ಮೆಲೇ ಕೆಮ್ಮುವುದನ್ನೂ ನೋಡಿದಳು. ಒಂದು ದಿನ ಮಧ್ಯಾಹ್ನ ಕೋಲೂರುತ್ತ ಪೂಲಿನ ತನಕ ಬಂದೇಬಿಟ್ಟಳು.

ಅದೇ ಹೊತ್ತಿಗೆ ದೂರದಿಂದ ಪದ್ಮವ್ವ ಭರದಿಂದ ಬರುತ್ತಿದ್ದಳು. ಸಾವಂತ್ರೆವ್ವ ಹಿಂದೆ ಓಡುತ್ತಿದ್ದಳು. ತಲೆ ಎತ್ತಿದರೆ ಪೂಲಿನ ಮೇಲೆ ಅತ್ತೆ. ಪದ್ಮವ್ವನ ಕೈಗೆ ಬ್ರೇಕು ಮರೆತುಹೋಯಿತು. ಪೂಲಿನ ಕೆಳಗಿನಿಂದ ಹಾದು, ಆಚೆಯ ಉಸುಕಿನ ಗುಡ್ಡೆಗೆ ಹೊಡೆದು ನಿಂತಳು.

"ಇಬ್ಬರೂ ಇತ್ತ ಬರ್ರಿ," ಎಂದಳು ಕಾಶೆವ್ವ.

ಇಬ್ಬರೂ ತಲೆ ತಗ್ಗಿಸಿ ಪೂಲಿನ ಕೆಳಗೆ ನಿಂತರು.

"ನಡಬರಕ ಎಲ್ಲೆರ ಹೂಳು ತುಂಬೈತೇನ?"

"ಯಾತರಾಗ್ರಿ ಅತ್ತಿ?"

"ಈ ಕಾಲಿವ್ಯಾಗ. ಧುಪದಾಳ ತನಕಾ ಸೈಕಲ್ ಹೊಕ್ಕೈತೋ ಇಲ್ಲೋ ಅಂತ ಕೇಳಾಕತ್ತೇನಿ."

ಧುಪದಾಳದಲ್ಲಿ ಕಾಶೆವ್ವನ ತಂಗಿ ಸೀತವ್ವ ಇದ್ದಳು. ಎರಡೇ ಮೈಲಿ. ಆದರೆ ನಡೆಯಲು ಮೊಣಕಾಲು ಬಿಡವು, ಚಕ್ಕಡಿಯ ಕುಲುಕಾಟಕ್ಕೆ ಸೊಂಟ ತಡೆಯದು. ಅಕ್ಕತಂಗಿಯರು ಮುಖ ನೋಡಿಕೊಂಡು ಮೂರು ವರ್ಷವಾಗಿತ್ತು.

ಸಾವಂತ್ರೆವ್ವ ಓಡಿಹೋಗಿ ಗೋಣಿಚೀಲ ತಂದು ಕ್ಯಾರಿಯರಿಗೆ ಹಾಸಿದಳು. ಅತ್ತೆಯನ್ನು ದಂಡೆಯಿಂದ ಇಳಿಸಿ, ಎತ್ತಿ ಕೂರಿಸಿದ್ದಾಯಿತು. ಪದ್ಮವ್ವ ತುಳಿದಳು, ಸಾವಂತ್ರೆವ್ವ ಹಿಂದಿನಿಂದ ನೂಕುತ್ತ ಓಡಿದಳು. ಕಾಶೆವ್ವ ಕಣ್ಣು ಮುಚ್ಚಿ "ಬಸವಾ, ಬಸವಾ" ಎನ್ನುತ್ತ ಸೊಸೆಯ ಸೊಂಟ ಅವುಚಿಕೊಂಡಿದ್ದಳು. ಫರ್ಲಾಂಗು ಹೋಗುವುದರೊಳಗೆ ಬಸವನ ಹೆಸರು ನಿಂತಿತು. ಇನ್ನೊಂದು ಫರ್ಲಾಂಗಿಗೆ ಹಿಂದಿನಿಂದ ವಿಚಿತ್ರವಾದ ಸದ್ದು ಕೇಳಿಸಿತು. ಅತ್ತೆ ಅಳುತ್ತಿದ್ದಾಳೆಂದು ಹೆದರಿ ಪದ್ಮವ್ವ ತಿರುಗಿ ನೋಡಿದಳು. ತಲೆಯ ಸೆರಗು ಜಾರಿ, ಬಿಳಿಕೂದಲು ಕೆದರಿ, ಕಾಶೆವ್ವ ನಗುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ಸೊಸೆಯಂದಿರು ಆ ನಗುವನ್ನು ಕೇಳಿರಲೇ ಇಲ್ಲ.

"ಮುಂದ ನೋಡ," ಎಂದಳು ಅತ್ತೆ. "ಇನ್ನೂ ಜೋರ ತುಳಿ."

ಮುಂದೆ ಕುರಿಗಾರ ಬೀರಸಿದ್ದಪ್ಪನ ಕುರಿಗಳು ಕಾಲುವೆಯ ನೆರಳಿನಲ್ಲಿ ಮಲಗಿದ್ದವು. ಅವನು ಎದ್ದು ಕಣ್ಣುಜ್ಜಿಕೊಂಡ. "ಯಾರ ಬೇ ಅದು?"

"ನಾನು ಕಾಶೆವ್ವ. ಕುರಿ ಸರಸ."

ಸೀತವ್ವ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಬಾಗಿಲಲ್ಲಿ ಅಕ್ಕನನ್ನು ಕಂಡು ಎದೆ ಹಿಡಿದುಕೊಂಡಳು. "ಯಾರರ ಸತ್ತಾರೇನ?"

"ಯಾರೂ ಇಲ್ಲ. ಸೈಕಲ್ ಮ್ಯಾಲ ಬಂದೆ."

ತಂಗಿ ನಂಬಲಿಲ್ಲ. ಅವಳನ್ನೂ ಕ್ಯಾರಿಯರ್ ಮೇಲೆ ಕೂರಿಸಿ ಅಂಗಳದಲ್ಲಿ ಎರಡು ಸುತ್ತು ಹಾಕಿಸಿದ ಮೇಲೆ ನಂಬಿದಳು. ನಂಬಿದವಳು ಇನ್ನೆರಡು ಸುತ್ತು ಕೇಳಿದಳು. ಆಮೇಲೆ ಅಕ್ಕತಂಗಿಯರು ಒಬ್ಬರ ಕೈ ಒಬ್ಬರು ಹಿಡಿದು ಕೂತು, ಮೂರು ವರ್ಷದ ಮಾತನ್ನು ಒಂದು ತಂಬಿಗೆ ಮಜ್ಜಿಗೆಯ ಜೊತೆ ಮುಗಿಸಲು ನೋಡಿದರು. ಹೊತ್ತು ಜಾರಿದ್ದು ಯಾರಿಗೂ ತಿಳಿಯಲಿಲ್ಲ.

ಇತ್ತ ಸಾತಪ್ಪನಿಗೆ ಎಚ್ಚರವಾಯಿತು. ಸೈಕಲ್ಲಿಲ್ಲ, ಹೆಂಡತಿಯಿಲ್ಲ, ತಮ್ಮನ ಹೆಂಡತಿಯಿಲ್ಲ. ಅಂಗಳ ದಾಟಲಾರದ ತಾಯಿಯೂ ಇಲ್ಲ. ಕಳ್ಳ ಸೈಕಲ್ಲು ಒಯ್ದನು, ಮೂವರೂ ಅವನ ಬೆನ್ನು ಹತ್ತಿದರು ಎಂದಷ್ಟೇ ಅವನಿಗೆ ಹೊಳೆದದ್ದು. ಬಡಿಗೆ ಹಿಡಿದು ಪೂಲಿನ ನಡುವಿಗೆ ಓಡಿ ಬಂದ. ಕಾಲುವೆಯ ತಿರುವಿನಲ್ಲಿ ಧೂಳೆದ್ದಿತು. ಧೂಳಿನಿಂದ ಪದ್ಮವ್ವ ಹೊರಬಂದಳು, ಅವಳ ಬೆನ್ನಿಗೆ ತಾಯಿ, ಹಿಂದೆ ಚಪ್ಪಲಿ ಕೈಯಲ್ಲಿ ಹಿಡಿದು ಓಡುತ್ತಿದ್ದ ಹೆಂಡತಿ.

"ನಿಲ್ಸ," ಎಂದು ಕೂಗಿದ.

"ಬ್ರೇಕ್ ಹತ್ತವಲ್ದ್ರಿ ಭಾವಾ," ಎನ್ನುತ್ತ ಪದ್ಮವ್ವ ಪೂಲಿನ ಕೆಳಗೆ ಮಾಯವಾದಳು.

ಸಾತಪ್ಪ ತಟ್ಟನೆ ತಿರುಗಿ ಇನ್ನೊಂದು ಅಂಚಿಗೆ ಬಗ್ಗಿದ. ಆ ಬದಿಯಿಂದ ಹೊರಬಂದ ಕಾಶೆವ್ವ ಕತ್ತೆತ್ತಿ, "ಸಾತಪ್ಪಾ, ಪಾಳಿಗೆ ಹೊತ್ತಾತು, ಮಾರಿ ತೊಳಕೊ," ಎಂದಳು.

ಬೈಯಲು ಬಾಯಿ ತೆರೆದವನಿಗೆ ನಗು ನುಗ್ಗಿ ಬಂತು. ಬಡಿಗೆ ಕೆಳಗಿಟ್ಟು ಹಲಗೆಯ ಮೇಲೆ ಕೂತುಬಿಟ್ಟ. ಅಂದು ಗಿರಣಿಗೆ ಅರ್ಧ ತಾಸು ತಡವಾಯಿತು. ಪಾಳಿ ನೋಡಿಕೊಳ್ಳುವ ಮುಕಾದಮನಿಗೆ ಖರೆ ಕಾರಣ ಹೇಳಿದ. ಮುಕಾದಮ ನಂಬಲಿಲ್ಲ, ಆದರೆ ಎರಡನೆಯ ಸಲ ಹೇಳಿಸಿ ಕೇಳಿದ.

ಆಮೇಲೆ ಪ್ರತಿ ಸೋಮವಾರ ಕಾಶೆವ್ವ ಧುಪದಾಳಕ್ಕೆ ಹೋಗುವುದು ರೂಢಿಯಾಯಿತು. ಸಾತಪ್ಪ ಬ್ರೇಕಿನ ರಬ್ಬರು ಬದಲಿಸಿ, ಹೆಂಡತಿಗೆ ತಾನೇ ಉಳಿದದ್ದನ್ನು ಕಲಿಸಿದ. ದೀಪಾವಳಿಯ ಪಾಡ್ಯದ ದಿನ ಸಂಜೆ, ಊರವರು ಹೊಲದಿಂದ ತಿರುಗುವ ಹೊತ್ತಿನಲ್ಲೇ, ಸಾವಂತ್ರೆವ್ವ ಗಂಡನನ್ನು ಹಿಂದೆ ಕೂರಿಸಿಕೊಂಡು ಪೂಲಿನ ಮೇಲೆ ಸೈಕಲ್ಲು ಬಿಟ್ಟಳು. ಹುಲ್ಲಿನ ಹೊರೆ ಹೊತ್ತವರು ದಂಡೆಯ ಮೇಲೆ ಸಾಲಾಗಿ ನಿಂತು ದಾರಿ ಬಿಟ್ಟರು. ಹಲಗೆಗಳು ಒಂದೊಂದಾಗಿ ಗಡಗಡ ಎಂದವು.

"ಹಗೂರ," ಎಂದ ಸಾತಪ್ಪ.

"ಮಾತಾಡಬ್ಯಾಡ್ರಿ," ಎಂದಳು ಸಾವಂತ್ರೆವ್ವ. "ನಗು ಬಂದ್ರ ಇಬ್ಬರೂ ಕೆಳಗ."