ಕೆಂಪಯ್ಯನ ಹೆಸರಿಗೊಂದು ಬಾಲ

"ಈ ಬಾಲನ ನಾನು ಎಲ್ಲಿ ನೋಡಿವ್ನಿ?"

ಕೆಂಪಯ್ಯ ಕೇಳಿದ್ದು ಯಾರನ್ನೂ ಅಲ್ಲ. ಬಿಳಿಗೆರೆಯ ತನ್ನ ಮನೆ ಜಗಲಿಯ ಮೇಲೆ ಲ್ಯಾಪ್‌ಟಾಪ್ ಮುಂದೆ ಕಣ್ಣು ಕಿರಿದು ಮಾಡಿ ಕೂತವನ ಬಾಯಿಂದ ಮಾತು ತಾನಾಗಿ ಜಾರಿತ್ತು. ಪರದೆಯ ಮೇಲೆ ಎರಡು ತಿಮಿಂಗಿಲದ ಬಾಲಗಳು ನೀರಿನಿಂದೆದ್ದು, ಅಂಗೈ ಬಿಚ್ಚಿ ತೋರಿಸುವಂತೆ ನಿಂತಿದ್ದವು.

ತಮ್ಮನ ಮಗಳು ಯೋಗಿತಾ ತಿಪಟೂರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವಳು. ದಸರಾ ರಜೆಯಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ, ತಿಮಿಂಗಿಲ ತೋರಿಸುವ ದೋಣಿ ಹತ್ತಿ, ದಡ ಕಾಣದಷ್ಟು ದೂರ ಸುತ್ತಿ ಬಂದಿದ್ದಳು. ಗೂನುಬೆನ್ನಿನ ಆ ತಿಮಿಂಗಿಲ ಮುಳುಗುವಾಗ ಬಾಲ ಎತ್ತುತ್ತದೆ; ಬಾಲದಡಿಯ ಕಪ್ಪು ಬಿಳಿ ಮಚ್ಚೆ ಒಂದಕ್ಕಿದ್ದಂತೆ ಇನ್ನೊಂದಕ್ಕಿಲ್ಲ. ಅವಳು ತೆಗೆದ ಫೋಟೊಗಳನ್ನು ದೋಣಿಯವರ ಹಳೆಯ ಆಲ್ಬಮ್ಮಿನ ಜೊತೆ ಹೋಲಿಸಿ, ಯಾವುದು ಯಾವುದೆಂದು ದೋಣಿಯವರಿಗೆ ತಿಳಿಸಬೇಕಿತ್ತು. ಆಲ್ಬಮ್ಮಿನಲ್ಲಿ ಬರೀ ನಂಬರಾಗಿ ಉಳಿದಿದ್ದ ತಿಮಿಂಗಿಲವನ್ನು ಮತ್ತೆ ಗುರುತಿಸಿದವರು ಅದಕ್ಕೆ ಹೆಸರಿಡಬಹುದು.

ಆ ಕೊನೆಯ ಮಾತು ಕಿವಿಗೆ ಬಿದ್ದಾಗಿನಿಂದ ಕೆಂಪಯ್ಯ ತೋಟದ ಕಡೆ ತಲೆ ಹಾಕಿರಲಿಲ್ಲ.

ಹೆಸರೆಂದರೆ ಅವನಿಗೆ ಅಷ್ಟು ಆಸೆ. ಗುಡಿಗೆ ಕೊಟ್ಟ ಟ್ಯೂಬ್‌ಲೈಟಿನ ಮೇಲೆ 'ದಾನಿಗಳು: ಕೆಂಪಯ್ಯ' ಎಂದು ಎಷ್ಟು ದಪ್ಪಗೆ ಬರೆಸಿದ್ದನೆಂದರೆ, ದೀಪ ಹಾಕಿದರೆ ದೇವರಿಗಿಂತ ಮೊದಲು ಕೆಂಪಯ್ಯನೇ ಕಾಣುತ್ತಿದ್ದ. ಹೋದ ತಿಂಗಳು ಆ ಟ್ಯೂಬ್‌ಲೈಟ್ ಕೆಟ್ಟು ತಿಪ್ಪೆ ಸೇರಿತು. ಗುಡಿಗೇ ಕೊಟ್ಟ ಫ್ಯಾನಿನ ರೆಕ್ಕೆಯ ಮೇಲಿನ ಹೆಸರು ತಿರುಗುವಾಗ ಓದಲಾಗದು, ನಿಂತಾಗ ಧೂಳು. ತಿಮಿಂಗಿಲ ಎಂಬತ್ತು ವರ್ಷ ಬದುಕುತ್ತದೆ ಎಂದು ಯೋಗಿತಾ ಹೇಳಿದ ಗಳಿಗೆಯೇ ಅವನ ಮನಸ್ಸು ಗುಡಿ ಬಿಟ್ಟು ಸಮುದ್ರಕ್ಕೆ ಇಳಿದಿತ್ತು.

"ಇವೆರಡೂ ಒಂದೇ ಕಣವ್ವ," ಅಂದ. "ಮಚ್ಚೆ, ಅಂಚು, ಹನಿ ಉದುರೋ ರೀತಿ, ಎಲ್ಲಾ ಒಂದೇ. ಬರ್ಕೊ, ಕೆಂಪಯ್ಯ ಅಂತ."

ಯೋಗಿತಾ ಬಗ್ಗಿ ನೋಡಿದಳು. "ಒಂದೇ ಫೋಟೊನ ಎರಡು ಕಡೆ ಓಪನ್ ಮಾಡಿದ್ದೀರ ದೊಡ್ಡಪ್ಪ."

ಅಂಗಳದಲ್ಲಿ, ಕೊಬ್ಬರಿಗೆಂದು ಅಟ್ಟಕ್ಕೇರಿಸುವ ತೆಂಗಿನಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ನೀರಿನ ಸದ್ದು ಕೇಳಿ ವಿಂಗಡಿಸುತ್ತಿದ್ದ ಹೆಂಡತಿ ಹೊಂಬಾಳಮ್ಮ ನಕ್ಕಳು. "ನಮ್ಮ ಚುಕ್ಕಿ ಪಕ್ಕದ ಹೊಲಕ್ಕೆ ನುಗ್ಗಿದಾಗ, ಇದು ನಮ್ಮ ಹಸ ಅಲ್ಲ ಅಂದೋರು ಇವ್ರು. ಸಮುದ್ರದ್ದು ಗುರ್ತು ಸಿಕ್ತದಾ?"

"ಅದು ಗುರ್ತು ಸಿಕ್ದೆ ಅಲ್ಲ ಕಣೇ. ಬೈತಾರೆ ಅಂತ."

ಅವಳು ಕೈ ಒರೆಸಿಕೊಂಡು ಬಂದು ಕೂತಳು. ಯೋಗಿತಾ ತೆಗೆದಿದ್ದರಲ್ಲಿ ಒಂದು ಬಾಲಕ್ಕೆ ಜೋಡಿ ಸಿಕ್ಕಿರಲಿಲ್ಲ, ಕಂಪ್ಯೂಟರೂ ಕೈಚೆಲ್ಲಿತ್ತು. ಹೊಂಬಾಳಮ್ಮ ಆಲ್ಬಮ್ಮನ್ನು ಅವಸರವಿಲ್ಲದೆ, ಪುರಾಣ ಓದಿಸಿ ಕೇಳುವವಳ ಹಾಗೆ ನೋಡುತ್ತಾ ಹೋಗಿ, ಒಂಬತ್ತು ವರ್ಷದ ಹಿಂದಿನ ಒಂದು ಮರಿಯ ಫೋಟೊದ ಮೇಲೆ ಬೆರಳಿಟ್ಟಳು.

"ಇದೇ ಅದು."

"ಅದು ಬಿಳಿ, ಇದು ಕರಿ. ಕನ್ನಡಕ ಹಾಕ್ಕೊ," ಅಂದ ಕೆಂಪಯ್ಯ.

"ಬಣ್ಣ ಬುಡಿ. ನಮ್ಮ ಚುಕ್ಕಿ ಹುಟ್ಟಿದಾಗ ಕೆಂಚಗಿರ್ನಿಲ್ವಾ? ಈಗ ಬೂದಿ. ಎಳೇವು ಬಣ್ಣ ಬದ್ಲಾಯಿಸ್ತವೆ. ಅಂಚು ನೋಡಿ. ಎಡಕ್ಕೆ ಮೂರು ಕಚ್ಚು, ಬಲಕ್ಕೊಂದು ಕೊಕ್ಕೆ."

ಯೋಗಿತಾ ದೊಡ್ಡದು ಮಾಡಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಎರಡೂ ಫೋಟೊಗಳನ್ನು ದೋಣಿಯವರಿಗೆ ಕಳಿಸಿದಳು. ಸಂಜೆ ಹಾಲು ಕರೆಯುವ ಮೊದಲೇ ಉತ್ತರ ಬಂತು: ನಿಜ, ಅದೇ. ನಾವು ಗಮನಿಸಿರಲಿಲ್ಲ. ಗುರುತಿಸಿದವರು ಹೆಸರಿಡಲಿ.

ಕೆಂಪಯ್ಯ ಒಳಗೆ ಹೋಗಿ, ಮದುವೆಯಾದ ಮೂವತ್ತು ವರ್ಷದಲ್ಲಿ ಮೊದಲ ಸಲ, ಹೆಂಡತಿಗೆ ತಾನೇ ಕಾಫಿ ಕಾಸಿ ತಂದ.

"ಹೆಸ್ರು ನೀನೇ ಇಡು ಕಣೇ. ನಾನ್ ಹೇಳಿದ್ದು ಇಡು."

"ಅದು ಹೆಣ್ಣು. ಈಗಿನ ಫೋಟೊದಲ್ಲಿ ಮಗ್ಗುಲಲ್ಲಿ ಮರಿ ಐತೆ."

"ಹಂಗಾದ್ರೆ ಕೆಂಪಮ್ಮ ಅನ್ನು. ನಮ್ಮವ್ವನ ಹೆಸ್ರೂ ಆಯ್ತು, ನಂದೂ ಅರ್ಧ ಬಂತು."

ಹೊಂಬಾಳಮ್ಮ ಕಾಫಿ ಗುಟುಕರಿಸಿದಳು, ಸಕ್ಕರೆ ಇರಲಿಲ್ಲ. "ನಿಮ್ಮವ್ವ ನನ್ನ ತೌರಿಗೆ ಕಳ್ಸೋಕೆ ವಾರಗಟ್ಲೆ ಅಳ್ಸೋರು. ಇದು ಎಷ್ಟು ದೂರ ಹೋದ್ರೂ ತಾನು ಹುಟ್ಟಿದ ನೀರಿಗೆ ವರ್ಷಾವರ್ಷ ಬತ್ತದೆ ಅಂತ ಯೋಗಿತಾನೇ ಹೇಳಿದ್ಲು. ವರ್ಷಕ್ಕೊಂದ್ಸಲ ತೌರಿಗೆ ಬರೋಳಿಗೆ ಇನ್ನೇನ್ ಹೆಸ್ರು ಇಡ್ತಾರೆ? ಗೌರಿ."

ಯೋಗಿತಾ ಟೈಪು ಮಾಡಿದಳು. ಕೆಂಪಯ್ಯನಿಗೂ ಒಳಗೆಲ್ಲೋ ಹೌದೆನ್ನಿಸಿತು. ಆದರೂ ಎಂಬತ್ತು ವರ್ಷ ಸುಮ್ಮನೆ ಕೈಬಿಡುವಂಥದ್ದೇ?

"ಹೋಗ್ಲಿ," ಎಂದು ಗಂಟಲು ಸರಿಮಾಡಿಕೊಂಡ. "ಫೋಟೊ ಕೆಳಗೆ, ಚಿಕ್ಕದಾಗಿ, 'ದಾನಿಗಳು: ಕೆಂಪಯ್ಯ' ಅಂತ ಹಾಕ್ಸು."

ಯೋಗಿತಾಳ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು. ಅವಳು ದೊಡ್ಡಮ್ಮನ ಮುಖ ನೋಡಿದಳು. ಹೊಂಬಾಳಮ್ಮ ಅಂಗಳಕ್ಕಿಳಿದು ಒಂದು ಕಾಯಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಕೇಳಿ, ಒಳ್ಳೆಯ ಕಾಯಿಗಳ ರಾಶಿಗೆ ಹಾಕಿದಳು.

"ಆಗಾಕಿಲ್ಲ ಕಣ್ರೀ," ಅಂದಳು.